ತಾಯಿಯೊಬ್ಬಳೇ ತಂಡವೇ?

ಆಟಿಸಂ ಇರುವ ಮಕ್ಕಳ ಬಗ್ಗೆ ನಮ್ಮಲ್ಲಿ ಬರುವ ಬರಹಗಳಲ್ಲಿ ತಾಯಿಯ ತ್ಯಾಗಕ್ಕೆ ಸಿಗುವಷ್ಟು ಜಾಗ ಬೇರೆ ಯಾವುದಕ್ಕೂ ಸಿಗುವುದಿಲ್ಲ. ಕೆಲಸ ಬಿಟ್ಟಳು, ನಿದ್ದೆಗೆಟ್ಟಳು, ಊರೂರು ಅಲೆದಳು ಎಂದು ಓದಿ ಕಣ್ಣೊರೆಸಿಕೊಳ್ಳುತ್ತೇವೆ. ಅವಳು ಯಾಕೆ ಅಲೆಯಬೇಕಾಯಿತು ಎಂದು ಕೇಳುವುದಿಲ್ಲ. ನನ್ನ ತಕರಾರು ಇಷ್ಟೇ: ನಾವು ತ್ಯಾಗವೆಂದು ಹೊಗಳುವುದರಲ್ಲಿ ಹೆಚ್ಚಿನದು ಸಂಬಳ ಪಡೆಯುವ ಐದಾರು ಜನ ಕೂಡಿ ಮಾಡಬೇಕಾದ ಕೆಲಸ.

ಆಟಿಸಂ ರಕ್ತಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ, ಸ್ಕ್ಯಾನಿಂಗಿನಲ್ಲೂ ಇಲ್ಲ. ಮಗು ಹೇಗೆ ನೋಡುತ್ತದೆ, ಹೇಗೆ ಆಡುತ್ತದೆ, ಹೇಗೆ ಮಾತಾಡುತ್ತದೆ ಎಂಬುದನ್ನು ಗಮನಿಸಿಯೇ ಗುರುತಿಸಬೇಕು. ಹೆಸರು ಕರೆದರೆ ತಿರುಗದ ಮಗುವಿಗೆ ಕಿವಿಯೇ ಕೇಳಿಸದಿರಬಹುದು. ಅದನ್ನು ಶ್ರವಣತಜ್ಞರು ನೋಡಬೇಕು. ಮೂರ್ಛೆರೋಗ ಜೊತೆಗಿದೆಯೇ ಎಂಬುದನ್ನು ಮಕ್ಕಳ ವೈದ್ಯರು, ಬುದ್ಧಿಯ ಬೆಳವಣಿಗೆಯನ್ನು ಮನಶ್ಶಾಸ್ತ್ರಜ್ಞರು, ಮಾತನ್ನು ವಾಕ್ ಚಿಕಿತ್ಸಕರು, ಕಲಿಕೆಯನ್ನು ವಿಶೇಷ ಶಿಕ್ಷಕರು ನೋಡಬೇಕು. ಇವರೆಲ್ಲ ಕೂತು ಒಂದೇ ಮಗುವಿನ ಬಗ್ಗೆ ಮಾತಾಡಿದರೆ ಅದು ತಂಡ. ಒಬ್ಬೊಬ್ಬರು ಒಂದೊಂದು ಊರಿನಲ್ಲಿ ಚೀಟಿ ಬರೆದುಕೊಟ್ಟರೆ ತಂಡವಾಗುವುದಿಲ್ಲ.

ಕಾಗದದ ಮೇಲೆ ನಮಗೆ ಇಂಥ ತಂಡವಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಸಂಚಾರಿ ವೈದ್ಯರು ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳನ್ನು ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಕ್ಕೆ ಕಳಿಸಬೇಕು. ಅಲ್ಲಿ ಮೇಲೆ ಹೇಳಿದ ಎಲ್ಲರೂ ಒಂದೇ ಸೂರಿನಡಿ ಇರಬೇಕು. ಒಳ್ಳೆಯ ಯೋಜನೆಯೇ. ತೊಡಕಿರುವುದು 'ಜಿಲ್ಲೆ' ಎಂಬ ಶಬ್ದದಲ್ಲಿ.

ಉತ್ತರ ಕನ್ನಡದ ಜಿಲ್ಲಾಕೇಂದ್ರ ಕಾರವಾರ, ಸಮುದ್ರದ ದಂಡೆಯಲ್ಲಿದೆ. ಜೋಯಿಡಾದವರು ಅಣಶಿ ಘಾಟಿ ಇಳಿಯಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಅದೂ ಇಲ್ಲ. ಹಳಿಯಾಳ, ದಾಂಡೇಲಿಯವರಿಗೆ ಧಾರವಾಡ ಹತ್ತಿರ, ಮುಂಡಗೋಡದವರಿಗೆ ಹುಬ್ಬಳ್ಳಿ. ಜಿಲ್ಲೆಯ ಗಡಿ ಕಡತಕ್ಕೆ ಗೊತ್ತು, ಬಸ್ಸಿಗೆ ಗೊತ್ತಿಲ್ಲ. ಚಿಕಿತ್ಸೆಯಾದರೂ ಒಂದು ದಿನಕ್ಕೆ ಮುಗಿಯುವಂಥದ್ದಲ್ಲ. ವಾರವಾರ, ವರ್ಷಗಟ್ಟಲೆ ನಡೆಯಬೇಕು. ಒಂದೊಂದು ಓಡಾಟಕ್ಕೂ ಒಂದು ದಿನದ ಕೂಲಿ ಹೋಗುತ್ತದೆ. ಕಿವಿ ಪರೀಕ್ಷೆ ಒಂದೂರಲ್ಲಿ, ಮನಶ್ಶಾಸ್ತ್ರಜ್ಞರು ಇನ್ನೊಂದೂರಲ್ಲಿ, ಪ್ರಮಾಣಪತ್ರ ಮತ್ತೊಂದೂರಲ್ಲಿ ಆದಾಗ ಇವನ್ನೆಲ್ಲ ಜೋಡಿಸುವವಳು ಪ್ಲಾಸ್ಟಿಕ್ ಚೀಲದಲ್ಲಿ ಫೈಲು ಹಿಡಿದ ತಾಯಿ.

ಅವಳು ದುಭಾಷಿಯೂ ಆಗಬೇಕು. ನಾನು ಓದುತ್ತಿರುವುದು ಭಾಷೆಯನ್ನು, ಹಾಗಾಗಿ ಇದನ್ನು ಒತ್ತಿ ಹೇಳುತ್ತೇನೆ. ಆಟಿಸಂ ಅಳೆಯಲು ಕೇಂದ್ರ ಸರ್ಕಾರ 2016ರಲ್ಲಿ ಗೊತ್ತುಮಾಡಿದ ಭಾರತೀಯ ಮಾಪನದಲ್ಲಿ 40 ಅಂಶಗಳಿವೆ. ಕೇಳಿದ ಮಾತನ್ನೇ ಮರಳಿ ಹೇಳುವುದು, 'ನನಗೆ' ಎನ್ನುವಲ್ಲಿ 'ನಿನಗೆ' ಎನ್ನುವುದು ಅವುಗಳಲ್ಲಿ ಸೇರಿವೆ. ಜೋಯಿಡಾದ ಕುಣಬಿ ಮಗುವಿನ ಮನೆಮಾತು ಕೊಂಕಣಿ. ಸಿದ್ದಿಗಳ ಕೊಂಕಣಿ ಬೇರೆ ಬಗೆಯದು. ಹಳಿಯಾಳದ ಎಷ್ಟೋ ಮನೆಗಳಲ್ಲಿ ಮರಾಠಿ, ದಾಂಡೇಲಿಯ ಓಣಿಗಳಲ್ಲಿ ಉರ್ದು, ಮುಂಡಗೋಡದ ಕ್ಯಾಂಪುಗಳಲ್ಲಿ ಟಿಬೆಟಿಯನ್. ಮಗುವಿನ ಮಾತೇ ತಿಳಿಯದವರು ಸರ್ವನಾಮ ಅದಲುಬದಲಾಗಿದೆಯೇ ಎಂದು ಹೇಗೆ ತೀರ್ಮಾನಿಸುತ್ತಾರೆ? ಅಪರಿಚಿತ ಭಾಷೆಯ ಕೋಣೆಯಲ್ಲಿ ಯಾವ ಮಗುವೂ ಬಾಯಿ ಬಿಡದು. ಮನೆಮಾತು ಬಲ್ಲ ಒಬ್ಬರಾದರೂ ಇಲ್ಲದ ತಂಡ ಅರೆ ತಂಡ.

'ಪ್ರತಿ ತಾಲ್ಲೂಕಿಗೂ ಇಷ್ಟು ತಜ್ಞರನ್ನು ಎಲ್ಲಿಂದ ತರುವುದು?' ಎಂಬ ಪ್ರಶ್ನೆ ಬರುತ್ತದೆ. ತರಬೇಕಿಲ್ಲ, ಕಳಿಸಿದರೆ ಸಾಕು. ತಾಲ್ಲೂಕು ನಾಲ್ಕು, ತಿಂಗಳಿಗೆ ವಾರವೂ ನಾಲ್ಕು. ವಾರಕ್ಕೊಂದು ತಾಲ್ಲೂಕು ಆಸ್ಪತ್ರೆಯಲ್ಲಿ ಗೊತ್ತಾದ ದಿನ ಇಡೀ ತಂಡ ಕೂರಲಿ. ಧಾರವಾಡ, ಹುಬ್ಬಳ್ಳಿಯ ಸರ್ಕಾರಿ ಸಂಸ್ಥೆಗಳ ತಜ್ಞರೂ ಜಿಲ್ಲೆಯ ಗಡಿ ದಾಟಿ ಬರಲಿ. ನಡುವಿನ ವಾರಗಳಲ್ಲಿ ಮನೆಯಲ್ಲಿ ಏನು ಮಾಡಬೇಕೆಂದು ತಾಯಿ, ತಂದೆ, ಅಂಗನವಾಡಿ ಕಾರ್ಯಕರ್ತೆ ಮೂವರಿಗೂ ಕಲಿಸಲಿ. ತಾಯಿಗೆ ತರಬೇತಿ ಕೊಡುವುದು ಒಳ್ಳೆಯದೇ. ಆದರೆ ತರಬೇತಿ ಕೊಟ್ಟು ಕೈತೊಳೆದುಕೊಳ್ಳುವುದು ಬೇರೆ.

ಮಗುವಿನ ಆಟಿಸಂಗೆ ತಾಯಿಯ ತಣ್ಣನೆಯ ಮನಸ್ಸೇ ಕಾರಣವೆಂದು ಪಶ್ಚಿಮದ ಪಂಡಿತರು ಒಂದು ಕಾಲಕ್ಕೆ ದೂರಿದರು. ಆಟಿಸಂ ಇದ್ದ ಮಗುವಿನ ತಂದೆಯೂ ಆಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರ ತಮ್ಮ ಪುಸ್ತಕದಲ್ಲಿ ಅದನ್ನು ಅಲ್ಲಗಳೆದರು. ನಾವು ತಾಯಿಯನ್ನು ದೂರುವುದಿಲ್ಲ, ದೇವತೆ ಮಾಡುತ್ತೇವೆ. ಎರಡರಲ್ಲೂ ಭಾರ ಅವಳ ಹೆಗಲ ಮೇಲೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಅಂದರೆ ಚಿಕಿತ್ಸೆ ಈ ಮಕ್ಕಳ ಹಕ್ಕು, ಯಾರ ದಯೆಯೂ ಅಲ್ಲ. ಇನ್ನು ಮುಂದೆ ಅಂಥ ತಾಯಿಯ ಕಥೆ ಓದುವಾಗ, ಬರೆಯುವಾಗ, ಅವಳ ತಾಳ್ಮೆಯನ್ನು ಮೆಚ್ಚುವ ಮೊದಲು ಕೇಳೋಣ: ಉಳಿದವರೆಲ್ಲ ಎಲ್ಲಿದ್ದರು?