ಎರಡನೇ ಸೀಟು ಎಲ್ಲಿ ಹೋಯಿತು?

'ಡ್ರೈವರ್‌ಗಳೇ ಸಿಗುತ್ತಿಲ್ಲ' ಎಂಬ ಮಾತನ್ನು ನಮ್ಮ ದಾವಣಗೆರೆ ಜಿಲ್ಲೆಯಲ್ಲಿ ಲಾರಿ ಇಟ್ಟುಕೊಂಡಿರುವ ಯಾರ ಬಾಯಲ್ಲಾದರೂ ಕೇಳಬಹುದು. ಚನ್ನಗಿರಿಯ ಅಡಿಕೆ, ಹೊನ್ನಾಳಿಯ ಭತ್ತ, ಜಗಳೂರಿನ ಮೆಕ್ಕೆಜೋಳ, ಈರುಳ್ಳಿ ಯಾವುದನ್ನೇ ಸಾಗಿಸುವವರಿರಲಿ, ಎಲ್ಲರದ್ದೂ ಒಂದೇ ರಾಗ. ಈಗಿನ ಹುಡುಗರಿಗೆ ಮೈ ಬಗ್ಗುವುದಿಲ್ಲ, ಮೊಬೈಲ್ ಹಿಡಿದು ಕಟ್ಟೆ ಮೇಲೆ ಕೂರುತ್ತಾರೆ ಎಂಬುದು ಅದರ ಪಲ್ಲವಿ. ಇದು ಸುಳ್ಳು ಎಂದು ವಾದಿಸಲು ಈ ಬರಹ. ನನ್ನ ಹತ್ತಿರ ಏಳು ವರ್ಷದಿಂದ ಹೆವಿ ಲೈಸೆನ್ಸ್ ಇದೆ. ಫೆಲೋಶಿಪ್ಪಿನ ಅವಧಿ ಮುಗಿದು ಪ್ರಬಂಧದ ಕೊನೆಯ ಎರಡು ಅಧ್ಯಾಯ ಬಾಕಿ ಉಳಿದಿರುವ ಈ ಹೊತ್ತಿನಲ್ಲಿ ಆ ಲೈಸೆನ್ಸಿಗೆ ಅನ್ನದ ದಾರಿ ಆಗುವ ಯೋಗ್ಯತೆ ಇದೆಯೇ ಎಂದು ನೋಡಲು ಹೊರಟಿದ್ದೇನೆ. ಹೋದಲ್ಲೆಲ್ಲ ಕೇಳಿದ ಪ್ರಶ್ನೆ ಒಂದೇ: "ಲೈಸೆನ್ಸ್ ಐತಿ, ಸರಿ. ಕೈ ಕುಂತೈತಾ?"

ಕೈ ಕೂರಬೇಕಾದರೆ ಯಾರಾದರೂ ಲಾರಿ ಕೊಡಬೇಕು. ಲಾರಿ ಕೊಡಬೇಕಾದರೆ ಕೈ ಕೂತಿರಬೇಕು. ಗಾದೆಯಲ್ಲಿರುವ ಹುಚ್ಚನ ಮದುವೆಗೂ ಇದಕ್ಕೂ ವ್ಯತ್ಯಾಸವಿಲ್ಲ, ಹುಚ್ಚು ಬಿಡದೆ ಮದುವೆ ಆಗುವುದಿಲ್ಲ, ಮದುವೆ ಆಗದೆ ಹುಚ್ಚು ಬಿಡುವುದಿಲ್ಲ.

ಈ ಲೈಸೆನ್ಸ್ ಹೇಗೆ ಬರುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು, ಅದಕ್ಕೆ ಮೊದಲು ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷ ಆಗಿರಬೇಕು. ಡ್ರೈವಿಂಗ್ ಸ್ಕೂಲಿನಿಂದ 'ಫಾರಂ 5' ಎಂಬ ಪ್ರಮಾಣಪತ್ರ ಬೇಕು. 1989ರ ನಿಯಮಗಳು ಇದಕ್ಕೆ ಕನಿಷ್ಠ 30 ದಿನಗಳ ತರಬೇತಿ ಮತ್ತು ಕನಿಷ್ಠ 15 ಗಂಟೆಗಳ ಚಾಲನೆಯನ್ನು ಗೊತ್ತು ಮಾಡಿವೆ. ದಾವಣಗೆರೆಯಿಂದ ಮುಂಬೈಗೆ ಒಂದು ಲೋಡು ಮುಟ್ಟಿಸಲು 15 ಗಂಟೆ ಸಾಲುವುದಿಲ್ಲ ಎಂಬುದು ಹಾಗಿರಲಿ, ಆ 15 ಗಂಟೆಯನ್ನಾದರೂ ಕೊಡುತ್ತಾರೆಯೇ? 2018ರಲ್ಲಿ ನಾನು ಸೇರಿದ್ದ ಸ್ಕೂಲಿನಲ್ಲಿ ಒಂದೇ ಹಳೆಯ ಲಾರಿಗೆ ಹನ್ನೊಂದು ಜನ. ನನ್ನ ಸರದಿ ಬಂದು ಸ್ಟೀರಿಂಗ್ ಹಿಡಿದ ಹೊತ್ತನ್ನೆಲ್ಲ ಕೂಡಿಸಿದರೂ ಮೂರು ಗಂಟೆ ದಾಟದು. ಪ್ರಮಾಣಪತ್ರದಲ್ಲಿ ಮಾತ್ರ ಎಲ್ಲವೂ ನಿಯಮದಂತೆ ಇತ್ತು. ಅದೂ ಖಾಲಿ ಲಾರಿ. ಲೋಡು ತುಂಬಿದ ಹತ್ತು ಚಕ್ರದ ಲಾರಿಯ ಒಟ್ಟು ತೂಕ 28.5 ಟನ್ನಿನವರೆಗೆ ಇರಬಹುದು. ಅಷ್ಟು ತೂಕ ಇಳಿಜಾರಿನಲ್ಲಿ ಬೆನ್ನ ಹಿಂದಿನಿಂದ ಹೇಗೆ ತಳ್ಳುತ್ತದೆ ಎಂಬುದನ್ನು ಖಾಲಿ ಲಾರಿ ಎಷ್ಟು ಜನ್ಮ ಓಡಿಸಿದರೂ ತಿಳಿಯಲಾಗದು.

2021ರಲ್ಲಿ ನವೀಕರಣಕ್ಕೆ ಹೋದೆ. ವೈದ್ಯಕೀಯ ಪ್ರಮಾಣಪತ್ರ ಕೇಳಿದರು. ಕಣ್ಣು ಸರಿಯಿದೆಯೇ, ಬಣ್ಣ ಗುರುತಿಸುತ್ತೀಯಾ, ಕಿವಿ ಕೇಳುತ್ತದೆಯೇ ಎಂಬುದೆಲ್ಲ ಅದರಲ್ಲಿತ್ತು. ಈ ಮೂರು ವರ್ಷದಲ್ಲಿ ಒಂದು ದಿನವಾದರೂ ಲಾರಿ ಓಡಿಸಿದ್ದೀಯಾ ಎಂದು ಯಾರೂ ಕೇಳಲಿಲ್ಲ, ಅರ್ಜಿಯಲ್ಲಿ ಅಂಥ ಕಾಲಮ್ಮೇ ಇಲ್ಲ. 2019ರ ತಿದ್ದುಪಡಿಯ ನಂತರ ಈ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೇರಿದ್ದರಿಂದ 2026ರವರೆಗೆ ಮತ್ತೆ ನಿಶ್ಚಿಂತೆ. ಇನ್ನೂ ಒಂದು ತಮಾಷೆ ಇದೆ. ಸರ್ಕಾರಿ ಬಸ್ಸಿನ ಡ್ರೈವರ್ ಹುದ್ದೆಗೆ ಅರ್ಜಿ ಹಾಕುವವರ ಹೆವಿ ಲೈಸೆನ್ಸಿಗೆ ಇಂತಿಷ್ಟು ವರ್ಷ ವಯಸ್ಸಾಗಿರಬೇಕು ಎಂಬ ಷರತ್ತು ಇರುತ್ತದೆ. ಟ್ರಂಕಿನಲ್ಲಿ ಬಿದ್ದಿದ್ದ ಕಾಗದಕ್ಕೂ ವಯಸ್ಸಾಗುತ್ತದಲ್ಲ! ಹುದ್ದೆಗೆ ಚಾಲನಾ ಪರೀಕ್ಷೆ ಬೇರೆ ಇರುತ್ತದೆ, ಒಪ್ಪುತ್ತೇನೆ. ಆದರೆ ಟ್ರಂಕಿನೊಳಗಿನ ವರ್ಷಗಳು ಯಾವ ಲೆಕ್ಕಕ್ಕೆ?

ಹಾಗಾದರೆ ಹಿಂದಿನವರು ಕಲಿತದ್ದೆಲ್ಲಿ? ಎರಡನೇ ಸೀಟಿನಲ್ಲಿ. ಕ್ಲೀನರ್ ಆಗಿ ಹತ್ತಿದ ಹುಡುಗ ಟೈರಿಗೆ ಬಡಿದು ಸದ್ದು ಕೇಳುತ್ತ, ತಾಡಪಾಲು ಕಟ್ಟುತ್ತ, ರಿವರ್ಸ್ ತೆಗೆಯುವಾಗ ಹಿಂದೆ ನಿಂತು ಕೂಗುತ್ತ ನಾಲ್ಕೈದು ವರ್ಷ ಕಳೆದ ಮೇಲೆ ಯಾವುದೋ ಖಾಲಿ ರಸ್ತೆಯಲ್ಲಿ ಉಸ್ತಾದ್ "ತಗಾ, ಹಿಡಿ" ಅನ್ನುತ್ತಿದ್ದ. ಆ ವ್ಯವಸ್ಥೆಯನ್ನು ಹಾಡಿ ಹೊಗಳುವವರ ಪೈಕಿ ನಾನಲ್ಲ. ಅದರಲ್ಲಿ ಶಾಲೆ ಬಿಟ್ಟ ಎಳೆಯ ಮಕ್ಕಳಿದ್ದರು, ಸಂಬಳವೆಂಬುದು ಊಟ ಮತ್ತು ಏಟಿನ ರೂಪದಲ್ಲಿತ್ತು. ಆದರೂ ಅಲ್ಲಿ ಒಂದು ಸೀಟು ಇತ್ತು. ಡೀಸೆಲ್, ಟೋಲು, ಕಂತು ಏರಿದಂತೆಲ್ಲ ಮಾಲೀಕರು ಮೊದಲು ಕತ್ತರಿಸಿದ್ದು ಆ ಸೀಟನ್ನು.

ಕ್ಲೀನರ್ ಹೋದರೂ ಕಾನೂನಿನಲ್ಲಿ ಎರಡನೇ ಮನುಷ್ಯ ಉಳಿದಿದ್ದ. ನ್ಯಾಷನಲ್ ಪರ್ಮಿಟ್ ಲಾರಿಗಳಲ್ಲಿ ಕನಿಷ್ಠ ಇಬ್ಬರು ಡ್ರೈವರ್‌ಗಳಿರಬೇಕು, ಒಬ್ಬ ಓಡಿಸುವಾಗ ಇನ್ನೊಬ್ಬ ಕೈಕಾಲು ಚಾಚಿ ಮಲಗಲು ಹಿಂದೆ ಜಾಗವಿರಬೇಕು ಎಂದು ನಿಯಮವೇ ಹೇಳುತ್ತಿತ್ತು. ಪಾಲನೆ ಅಷ್ಟಕ್ಕಷ್ಟೇ ಎಂಬುದು ಹೆದ್ದಾರಿಯಲ್ಲಿ ನಿಂತು ನೋಡಿದ ಯಾರಿಗೂ ಗೊತ್ತು. ಕೇಂದ್ರ ಸರ್ಕಾರ ಮಾಡಿದ್ದೇನು? ಪಾಲಿಸಿ ಎನ್ನಲಿಲ್ಲ. 2018ರಲ್ಲಿ ಇಬ್ಬರು ಡ್ರೈವರ್‌ಗಳ ಕಡ್ಡಾಯವನ್ನೇ ತೆಗೆದುಹಾಕಿತು. ನನ್ನ ಕೈಗೆ ಲೈಸೆನ್ಸ್ ಬಂದ ವರ್ಷವೇ ಅದನ್ನು ಹಿಡಿದು ಕೂರಬಹುದಾಗಿದ್ದ ಜಾಗ ಕಾನೂನಿನಿಂದ ಅಳಿಸಿಹೋಯಿತು. ಹೊಸಬನನ್ನು ಹಳಬನ ಪಕ್ಕದಲ್ಲಿ ಕೂರಿಸುವ ಏಕೈಕ ಅವಕಾಶವನ್ನು ಮಾಲೀಕರು, ಸರ್ಕಾರ ಸೇರಿ ಮುಚ್ಚಿ, ಈಗ ಡ್ರೈವರ್‌ಗಳು ಸಿಗುತ್ತಿಲ್ಲ ಎಂದು ಗೋಳಾಡುತ್ತಿದ್ದಾರೆ. ಸಸಿಮಡಿ ಕಿತ್ತು ಹಾಕಿದವನು ನಾಟಿಗೆ ಸಸಿ ಇಲ್ಲ ಎಂದು ಅತ್ತರೆ ಹೊನ್ನಾಳಿಯ ರೈತರು ನಗುತ್ತಾರೆ.

ನನ್ನ ಸಂಶೋಧನೆ ಲಂಬಾಣಿ ತಾಂಡಾಗಳ ಮೌಖಿಕ ಪರಂಪರೆಯ ಮೇಲಿರುವುದರಿಂದ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಆಗಾಗ ಹೋಗುತ್ತೇನೆ. ಸಂತ ಸೇವಾಲಾಲರ ಜನ್ಮಸ್ಥಳವದು. ಈಗ ತಾಂಡಾ ಎಂದರೆ ವಸತಿ. ಹಿಂದೆ ಆ ಪದಕ್ಕೆ ನಡೆಯುವ ಸಾಗಣೆ ಎಂಬ ಅರ್ಥವಿತ್ತು, ಧಾನ್ಯ, ಉಪ್ಪು ಹೇರಿದ ನೂರಾರು ಎತ್ತುಗಳ ಸಾಲು. ರೈಲು ಬಂದು ಆ ಕಸುಬು ಮುರಿಯುವ ಮೊದಲು ಈ ನೆಲದ ಸರಕು ಸಾಗಿದ್ದು ಅವರ ಎತ್ತುಗಳ ಬೆನ್ನ ಮೇಲೆ. ಆ ತಾಂಡಾಗಳಿಗೆ ಚಾಲಕರ ಕೊರತೆ ಬಂದಿತ್ತು ಎಂದು ನಾನು ದಾಖಲಿಸಿದ ಯಾವ ಹಿರಿಯರೂ ಹೇಳಿಲ್ಲ. ಕಲಿಯುವವರು ಕಲಿಸುವವರ ಜೊತೆಯಲ್ಲೇ ನಡೆಯುತ್ತಿದ್ದರು. ಕಲಿಕೆಯ ಖರ್ಚು ಸಾಗಣೆಯ ಖರ್ಚಿನೊಳಗೇ ಸೇರಿತ್ತು. ಇಂದಿನ ಸಾಗಣೆ ಉದ್ಯಮ ಆ ಖರ್ಚನ್ನು ಹೊರಗೆ ತಳ್ಳಿದೆ. ಅದು ಕಲಿಯುವವನ ಜೇಬಿನ ಮೇಲೆ ಬೀಳುತ್ತದೆ, ಇಲ್ಲವೇ ರಸ್ತೆಯಲ್ಲಿ ಎದುರು ಬರುವವರ ಜೀವದ ಮೇಲೆ.

ನಾನೀಗ ದಾವಣಗೆರೆಯಲ್ಲಿ ಸ್ವಂತ ದುಡ್ಡು ಕಟ್ಟಿ ಮತ್ತೆ ತರಬೇತಿಗೆ ಸೇರಿದ್ದೇನೆ. ಈ ಸಲದ ಮೇಷ್ಟ್ರು ಇಪ್ಪತ್ತು ವರ್ಷ ಲಾರಿ ಓಡಿಸಿದವರು. ಏರ್ ಬ್ರೇಕಿನ ಒತ್ತಡ ತುಂಬುವವರೆಗೆ ಗಾಡಿ ಕದಲಿಸಲು ಬಿಡುವುದಿಲ್ಲ. "ಹಿಂದಿನ ಗಾಲಿ ನಿನ್ನ ಹಿಂದೆ ಬರಲ್ಲ ತಮ್ಮಾ, ಒಳಗೆ ಕೊಯ್ಕಂಡು ಬರ್ತೈತಿ" ಎಂದು ತಿರುವಿನಲ್ಲಿ ಅವರು ಹೇಳಿದ ಒಂದು ಮಾತು 2018ರ ಇಡೀ ತರಬೇತಿಗಿಂತ ದೊಡ್ಡದು. ನನ್ನ ಜೊತೆಗಿರುವ ಆರು ಜನರಲ್ಲಿ ನಾಲ್ವರು ನನ್ನಂತೆ ಹಳೆಯ, ಬಳಸದ ಲೈಸೆನ್ಸಿನವರು. ಜಗಳೂರಿನ ಒಬ್ಬ ಬಿ.ಎ. ಮುಗಿಸಿ ಐದು ವರ್ಷ ಕೆಲಸ ಹುಡುಕಿದವನು, ಹೊನ್ನಾಳಿಯ ಇನ್ನೊಬ್ಬ ಟ್ರ್ಯಾಕ್ಟರಿನಲ್ಲಿ ಪಳಗಿದವನು. ಮೈ ಬಗ್ಗದವರು ಇವರೇ ಏನು?

ಸಾಹಿತ್ಯದ ಗೆಳೆಯರ ಪ್ರತಿಕ್ರಿಯೆ ಇನ್ನೊಂದು ಬಗೆ. "ಅನುಭವಕ್ಕೆ ಒಳ್ಳೇದು ಬಿಡು, ಆಮೇಲೆ ಬರೀಬಹುದು" ಎಂದರು ಇಬ್ಬರು. ಅಡಿಕೆ ಮೂಟೆಯ ಜೊತೆ ನನ್ನನ್ನೂ ಕಥೆಯ ಲೋಡು ಮಾಡುವ ಈ ಉದಾರತೆಗಿಂತ, "ಇಷ್ಟು ಓದಿ ಲಾರಿ ಹತ್ತತೀಯೇನೋ?" ಎಂದು ನೇರವಾಗಿ ಬೈದ ನಮ್ಮ ಚಿಕ್ಕಪ್ಪನೇ ವಾಸಿ. ಸಂಬಳಕ್ಕಾಗಿ ಹೋಗುತ್ತೇನೆ ಎಂದರೆ ಅವರಿಗಾದರೂ ಅರ್ಥವಾಗುತ್ತದೆ.

ಖರ್ಚು ಯಾರು ಕೊಡಬೇಕು ಎಂಬ ಪ್ರಶ್ನೆಗೆ ಬರೋಣ. ಒಂದೆರಡು ಲಾರಿಯ ಸಣ್ಣ ಮಾಲೀಕನಿಗೆ ಎರಡನೇ ಸಂಬಳ ಕೊಡಲಾಗದು, ನಿಜ. ಹಾಗೆಂದು ಲಾರಿ ಸಂಘಗಳು ಅಲ್ಲಿಗೇ ವಾದ ನಿಲ್ಲಿಸುವುದು ಸರಿಯಲ್ಲ. ನಿರುದ್ಯೋಗಿ ಪದವೀಧರರಿಗೆ ಯುವನಿಧಿಯಲ್ಲಿ ರಾಜ್ಯ ಸರ್ಕಾರ ತಿಂಗಳಿಗೆ 3,000 ರೂಪಾಯಿಯಂತೆ ಎರಡು ವರ್ಷ ಕೊಡುತ್ತದೆ. ಮನೆಯಲ್ಲಿ ಕಾಯಲು ಕೊಡುವ ಸರ್ಕಾರ ಲಾರಿಯ ಎರಡನೇ ಸೀಟಿನಲ್ಲಿ ಕಲಿಯಲು ಯಾಕೆ ಕೊಡಬಾರದು? ಅದಕ್ಕೆ ಮಾಲೀಕ ಬಾಟಾ ಸೇರಿಸಲಿ, ಸರಕು ಕಳಿಸುವ ದೊಡ್ಡ ವ್ಯಾಪಾರಿ ಬಾಡಿಗೆಯಲ್ಲಿ ಒಂದು ಪಾಲು ಸೇರಿಸಲಿ. ಅಪ್ರೆಂಟಿಸ್ ಕಾಯ್ದೆ 1961ರಲ್ಲೇ ಬಂದಿದೆ, ಕಾರ್ಖಾನೆಯ ಫಿಟ್ಟರಿಗೆ ಸಲ್ಲುವ ಸ್ಟೈಪೆಂಡು ಲಾರಿಯವನಿಗೆ ಸಲ್ಲದಿರಲು ಕಾರಣವಿಲ್ಲ. ಅದೇ 1961ರ ಇನ್ನೊಂದು ಕಾಯ್ದೆ ಮೋಟಾರು ಸಾರಿಗೆ ಕಾರ್ಮಿಕರ ದುಡಿಮೆಗೆ ದಿನಕ್ಕೆ 8 ಗಂಟೆಯ ಮಿತಿ ಹಾಕಿತ್ತು. ಆದರೆ ಅದು ಅನ್ವಯಿಸಿದ್ದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ಒಂಟಿ ಲಾರಿಯ ಒಂಟಿ ಡ್ರೈವರ್ ಹೊರಗೇ ಉಳಿದ. ಎರಡನೆಯವನಿದ್ದರೆ ಅವನಿಗೆ ನಿದ್ದೆಯೂ ಸಿಗುತ್ತದೆ.

ಹೊಸ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಮಾಡಿದ್ದಾರೆ. ಒಳ್ಳೆಯದು, ಜಗಳೂರಿನ ಏಪ್ರಿಲ್ ಬಿಸಿಲು ಕಂಡವರು ಬೇಡ ಅನ್ನಲಾರರು. ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಲ್ಲಿ ಹೆವಿ ವಾಹನಕ್ಕೆ 38 ಗಂಟೆಗಳ ಪಠ್ಯಕ್ರಮ 2021ರಿಂದ ಇದೆ. ಅದೂ ಒಳ್ಳೆಯದೇ. ಅಂಥದ್ದು ತಾಲ್ಲೂಕಿಗೊಂದು ಬರಲಿ, ಬಳಸದ ಲೈಸೆನ್ಸಿನವರಿಗೆ ನವೀಕರಣಕ್ಕೆ ಮುಂಚೆ ಅಲ್ಲಿ ಒಂದು ವಾರ ಕಡ್ಡಾಯವಾಗಲಿ, ಲೋಡು ತುಂಬಿದ ಲಾರಿಯಲ್ಲೇ ಕಲಿಸಲಿ. ಆಮೇಲೆ ಆರು ತಿಂಗಳು ಸಂಬಳದೊಂದಿಗೆ ಎರಡನೇ ಸೀಟು ಕೊಡಲಿ. ಇಷ್ಟು ಮಾಡಿಯೂ ಯಾರೂ ಬಾರದಿದ್ದರೆ ಆಗ ಹುಡುಗರನ್ನು ಬೈಯಲಿ, ನಾನೂ ದನಿಗೂಡಿಸುತ್ತೇನೆ. ನಮ್ಮ ಬ್ಯಾಚು ಈ ತಿಂಗಳ ಕೊನೆಗೆ ಮುಗಿಯುತ್ತದೆ. ನಾವು ಏಳು ಜನರೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಲಾರಿ ಮಾಲೀಕರಿಗೆ ಒಂದೇ ಪತ್ರ ಬರೆದಿದ್ದೇವೆ: ಲೈಸೆನ್ಸ್ ಇದೆ, ಕೈ ಇನ್ನೂ ಪೂರ್ತಿ ಕೂತಿಲ್ಲ, ಬಾಟಾ ಕೊಟ್ಟು ಹತ್ತಿಸಿಕೊಳ್ಳುವವರು ತಿಳಿಸಿ. ಇಲ್ಲಿಯವರೆಗೆ ಉತ್ತರ ಬಂದದ್ದು ಇಬ್ಬರಿಂದ. ಒಬ್ಬರು ಬಾಟಾ ಇಲ್ಲದೆ ಬರುವಿರಾ ಎಂದು ಕೇಳಿದ್ದಾರೆ. ಇನ್ನೊಬ್ಬರು ಒಬ್ಬನನ್ನು ಕಳಿಸಿ, ನೋಡೋಣ ಎಂದಿದ್ದಾರೆ. ಜಗಳೂರಿನವನು ಹೋಗುತ್ತಿದ್ದಾನೆ.