ತಪಸ್ಸುಕಾಲದಲ್ಲೊಂದು ವಸಂತ ರಜೆ

ಅಮೆರಿಕದ ಇಂಡಿಯಾನಾದಲ್ಲಿ 1842ರಲ್ಲಿ ಪವಿತ್ರ ಶಿಲುಬೆ ಸಭೆಯ ಗುರು ಎಡ್ವರ್ಡ್ ಸೊರಿನ್ ಸ್ಥಾಪಿಸಿದ ನೋಟರ್ ಡೇಮ್ ಕಥೋಲಿಕ ವಿಶ್ವವಿದ್ಯಾನಿಲಯವು ಮಾರ್ಚ್ ತಿಂಗಳಲ್ಲಿ ವಿದ್ಯಾರ್ಥಿಗಳಿಗೆ ವಸಂತ ರಜೆ ನೀಡುತ್ತದೆ. ಅದು ಸಾಮಾನ್ಯವಾಗಿ ತಪಸ್ಸುಕಾಲದಲ್ಲೇ ಬರುತ್ತದೆ. ಉಪವಾಸದ ದಿನಗಳಲ್ಲಿ ಫ್ಲೋರಿಡಾ ಕಡಲತೀರದ ಮೋಜು ಧಾರ್ಮಿಕ ಸಂಸ್ಥೆಗೆ ಶೋಭೆಯೇ ಎಂಬ ಆಕ್ಷೇಪಣೆ ಹಗುರವಾದುದಲ್ಲ. ಆದರೆ ರಜೆಯ ರದ್ದತಿಯೇ ಪರಿಹಾರವೆಂದು ನಾವು ಒಪ್ಪಲಾರೆವು. 2021ರಲ್ಲಿ ಕೋವಿಡ್ ನಿಮಿತ್ತ ಅದು ರದ್ದಾಗಿ, ಬಿಡಿ ದಿನಗಳ ವಿರಾಮವಷ್ಟೇ ದೊರೆಯಿತು. ಒಂದು ದಿನದಲ್ಲಿ ದೂರದೂರಿನ ವಿದ್ಯಾರ್ಥಿ ತಾಯ್ತಂದೆಯರನ್ನು ಕಂಡು ಬರುವುದೆಂತು? ಈ ರಜೆಯನ್ನು ಅಪಲಾಚಿಯಾ ಬೆಟ್ಟಸೀಮೆಯ ಬಡಜನರ ನಡುವೆ ಸೇವೆಯಲ್ಲಿ ಕಳೆದ ವಿದ್ಯಾರ್ಥಿಗಳೂ ಅಲ್ಲಿದ್ದಾರೆ. ಪ್ರಾರ್ಥನೆ, ಉಪವಾಸಗಳಂತೆ ದಾನಧರ್ಮವೂ ತಪಸ್ಸುಕಾಲದ ಆಚರಣೆಯೇ ತಾನೆ! ಇಂಥ ಸೇವಾಯಾತ್ರೆಗಳ ವೆಚ್ಚವನ್ನು ಧಾರ್ಮಿಕ ವಿಶ್ವವಿದ್ಯಾನಿಲಯಗಳೇ ಭರಿಸಿದಲ್ಲಿ ಬಡ ವಿದ್ಯಾರ್ಥಿಯೂ ನಿಶ್ಚಿಂತೆಯಿಂದ ಹೊರಡಬಲ್ಲನು.