ಎರಡು ಬಾಗಿಲಿನ ಗಾಡಿ

ಈ ಪುಟವನ್ನು ತಪ್ಪದೆ ಓದುವ ಗೃಹಿಣಿಯೊಬ್ಬರು ಹೋದ ತಿಂಗಳು ನನಗೊಂದು ಪತ್ರವನ್ನು ಬರೆದಿದ್ದರು. ಅವರ ಮಾವನವರು ಬಹುಕಾಲ ಓಡಿಸಿದ ಅಂಬಾಸಡರ್ ಗಾಡಿಯೊಂದು ಹಿತ್ತಿಲಿನ ಬೇವಿನ ಮರದ ಕೆಳಗೆ ನಿಂತಿರುವುದಂತೆ. ಅದರ ಅಡಿಯಲ್ಲಿ ನಾಯಿ ಮರಿಹಾಕಿದೆ. ಗುಜರಿಯವನು ಬಂದು ತೂಕಕ್ಕೆ ಬೆಲೆ ಕಟ್ಟಿ ಹೋಗಿದ್ದಾನೆ. "ಕೊಟ್ಟುಬಿಡಲೋ, ಇಟ್ಟುಕೊಳ್ಳಲೋ? ಇಟ್ಟುಕೊಂಡರೆ ಅದು ಕೃತಜ್ಞತೆಯೆನಿಸುವುದೋ, ಬರಿಯ ಮೋಹವೆನಿಸುವುದೋ?" ಎಂಬುದು ಅವರ ಪ್ರಶ್ನೆ. ಮೂವತ್ತು ವರುಷ ಮಕ್ಕಳಿಂದ ಸಂಸ್ಕೃತದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನನಗೆ ಯಂತ್ರಗಳ ವಿಷಯದಲ್ಲಿ ಯಾವ ಅಧಿಕಾರವೂ ಇಲ್ಲ. ಆದರೂ ಒಂದು ಮೋಟಾರುಗಾಡಿಯ ಋಣವು ನನ್ನ ತಲೆಯ ಮೇಲಿರುವುದು. ಅದನ್ನು ಮೊದಲು ಹೇಳಿ, ಆ ಬಳಿಕ ಆ ತಾಯಿಗೆ ಉತ್ತರ ಕೊಡುವುದು ನ್ಯಾಯವೆಂದು ತೋರುತ್ತದೆ.

ನನ್ನ ಸೋದರಮಾವ ನಮ್ಮ ನಾರಾಯಣಪುರದವರೇ. ಅವರು ಹುಟ್ಟಿದ್ದು ನಿಜಾಮರ ಆಳ್ವಿಕೆಯಲ್ಲಿ. ಓದಿದ್ದು ಆ ಕಾಲದ ಉರ್ದು ಶಾಲೆಯಲ್ಲಿ. 1948ರಲ್ಲಿ ಹೈದರಾಬಾದು ಸಂಸ್ಥಾನವು ಭಾರತದೊಡನೆ ಸೇರಿತು. 1956ರಲ್ಲಿ ನಮ್ಮ ಬೀದರ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು. ಆದರೂ ಈ ಸೀಮೆಯ ಬಡವರಿಗೆ ದುಡಿಮೆಯ ದಾರಿ ಬಹುಕಾಲ ಹೈದರಾಬಾದಿನ ಕಡೆಗೇ ಇದ್ದಿತು. ಮಾವನೂ ಆ ದಾರಿಯನ್ನೇ ಹಿಡಿದು, ಅಲ್ಲಿಯ ಒಂದು ಸಿರಿವಂತ ಮನೆತನದಲ್ಲಿ ಸಾರಥಿಯಾಗಿ ನಿಂತರು. ಆ ಮನೆಯಲ್ಲಿ ಹಲವು ಗಾಡಿಗಳಿದ್ದುವು. ಮಾವನ ವಶಕ್ಕೆ ಬಂದುದು ಒಂದೇ: ಇಂಗ್ಲೆಂಡಿನ ಬೆಂಟ್ಲೆ ಗಾಡಿ, ಮಾರ್ಕ್ ಸಿಕ್ಸ್ ಎಂಬ ಮಾದರಿಯದು, ಎರಡೇ ಬಾಗಿಲಿನ ಕೂಪೆ.

ಕೂಪೆ ಎಂಬುದು ಫ್ರೆಂಚ್ ಮಾತು. ಕತ್ತರಿಸಿದುದು ಎಂದು ಅದರ ಅರ್ಥ; ಸಂಸ್ಕೃತದಲ್ಲಿ ಹೇಳುವುದಾದರೆ ಛಿನ್ನ. ಕುದುರೆಗಾಡಿಗಳ ಕಾಲದಲ್ಲಿ ಎದುರುಬದುರು ಆಸನಗಳಿದ್ದ ದೊಡ್ಡ ಬಂಡಿಯ ಮುಂದಿನ ಆಸನವನ್ನು ಕತ್ತರಿಸಿ ತೆಗೆದು, ಇಬ್ಬರಿಗೆ ಮಾತ್ರ ಎಡೆಯಿರುವಂತೆ ಮಾಡಿದ ಗಾಡಿಗೆ ಆ ಹೆಸರು ಬಂದಿತು. ಮುಂದೆ ಮೋಟಾರಿನ ಕಾಲದಲ್ಲಿ, ಗಟ್ಟಿಯಾದ ಮಾಡು, ಎರಡು ಬಾಗಿಲು, ಹಿಂದಕ್ಕೆ ಇಳಿಜಾರಾದ ಬೆನ್ನು, ಇವುಗಳುಳ್ಳ ಗಾಡಿಗೆ ಅದೇ ಹೆಸರು ನಿಂತಿತು. ಎಡೆ ಕಡಮೆಯಾದಷ್ಟೂ ಬೆಲೆ ಹೆಚ್ಚಾಗುವ ವಸ್ತು ಲೋಕದಲ್ಲಿ ಇದೊಂದೇ ಇರಬೇಕೆಂದು ನನ್ನ ತಾಯಿ ನಗುತ್ತಿದ್ದರು.

1919ರಲ್ಲಿ ಹುಟ್ಟಿದ ಬೆಂಟ್ಲೆ ಸಂಸ್ಥೆಯು 1931ರಲ್ಲಿ ರೋಲ್ಸ್ ರಾಯ್ಸ್ ಸಂಸ್ಥೆಯ ವಶವಾಯಿತು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ, 1946ರಿಂದ 1952ರವರೆಗೆ, ಕ್ರೂ ಎಂಬ ಊರಿನ ಕಾರ್ಖಾನೆಯಲ್ಲಿ ಈ ಮಾರ್ಕ್ ಸಿಕ್ಸ್ ಗಾಡಿಗಳು ಐದು ಸಾವಿರಕ್ಕೂ ಮಿಕ್ಕಿ ತಯಾರಾದುವು. ಅವುಗಳಲ್ಲಿ ಹೆಚ್ಚಿನವು ನಾಲ್ಕು ಬಾಗಿಲಿನ ಉಕ್ಕಿನ ಗಾಡಿಗಳು. ಬೇಕೆಂದವರಿಗೆ ಕಾರ್ಖಾನೆಯವರು ಯಂತ್ರಸಹಿತವಾದ ಬರಿಯ ಅಡಿಗಟ್ಟನ್ನು ಮಾತ್ರ ಕೊಡುತ್ತಿದ್ದರು. ಅದರ ಮೇಲೆ ಮೈಯನ್ನು ಕಟ್ಟುವವರು ಬೇರೆ. ಅವರನ್ನು ನಮ್ಮ ಹಳೆಯ ಮಾತಿನಲ್ಲಿ ರಥಕಾರರೆಂದು ಕರೆದರೆ ತಪ್ಪಿಲ್ಲ. ಆ್ಯಶ್ ಮರದ ಹಂದರವನ್ನು ಕಟ್ಟಿ, ಅದಕ್ಕೆ ಅಲ್ಯುಮಿನಿಯಮ್ ತಗಡನ್ನು ಹೊದಿಸಿ, ಒಳಗೆ ಅಕ್ರೋಟದ ಮರವನ್ನೂ ತೊಗಲನ್ನೂ ಕೂಡಿಸುವುದು ಅವರ ಕಸಬು. ಕೂಪೆಗಳು ಬಹುಮಟ್ಟಿಗೆ ಇಂತಹ ರಥಕಾರರ ಕೈಯಲ್ಲಿಯೇ ಹುಟ್ಟಿದುವು. ಇದೇ ವಂಶದಲ್ಲಿ 1952ರಿಂದ 1955ರೊಳಗೆ ಬಂದ ಆರ್ ಟೈಪ್ ಕಾಂಟಿನೆಂಟಲ್ ಎಂಬ ಸುಪ್ರಸಿದ್ಧ ಕೂಪೆಗಳು ಒಟ್ಟು 208 ಮಾತ್ರವೆಂದರೆ, ಅವು ಎಷ್ಟು ವಿರಳವೆಂಬುದನ್ನು ವಾಚಕರು ಊಹಿಸಬಹುದು.

ನಾನು ಆ ಗಾಡಿಯನ್ನು ಕಂಡುದು ಒಂದೇ ಒಂದು ಸಲ, 1974ರಲ್ಲಿ. ಆಗ ನನಗೆ ಒಂಬತ್ತು ವರುಷ. ಬ್ರೇಕುಗಳನ್ನು ಸರಿಮಾಡಿಸಲು ಮುಂಬಯಿಗೆ ಹೋಗಿದ್ದ ಮಾವ ಸೊಲ್ಲಾಪುರದ ಮೇಲೆ ಹಿಂದಿರುಗುತ್ತಿದ್ದರು. ಹುಮನಾಬಾದಿನ ಕಡೆಗೆ ನೆಟ್ಟಗೆ ಹೋಗಬೇಕಾದವರು ನಡುವೆಯೇ ಹೆದ್ದಾರಿಯನ್ನು ಬಿಟ್ಟು, ಬಸವಕಲ್ಯಾಣವನ್ನು ಹಾದು, ಗೋಧೂಳಿಯ ಹೊತ್ತಿಗೆ ನಮ್ಮೂರಿಗೆ ಬಂದರು. ಚಾಲುಕ್ಯರ ಕಾಲದ ನಮ್ಮ ಶಿವಾಲಯದ ಮುಂದೆ ಗಾಡಿ ನಿಂತಿತು. ಊರಿಗೆ ಊರೇ ನೆರೆಯಿತು. ಗಾಡಿಯ ಸದ್ದು ಕೇಳಿಸಲಿಲ್ಲವೆಂಬುದೇ ಎಲ್ಲರಿಗೂ ಬೆರಗು. ಮುದುಕರೊಬ್ಬರು ಹಿಂದಿನ ಬಾಗಿಲುಗಳನ್ನು ಕಳ್ಳರು ಒಯ್ದರೇ ಎಂದು ಕನಿಕರದಿಂದ ವಿಚಾರಿಸಿದರು.

ನಾನು ಹುಡುಗಬುದ್ಧಿಯಿಂದ ತೆರೆದಿದ್ದ ಬಾಗಿಲಿಗೆ ಜೋತುಬಿದ್ದು ತೂಗಿಕೊಂಡೆನು. ಎಂದೂ ಒಂದು ಬಿರುಸು ಮಾತನ್ನಾಡದ ಮಾವ ಅಂದು ಎಲ್ಲರೆದುರಿಗೆ ನನ್ನನ್ನು ಗದರಿಸಿ, ತೋಳು ಹಿಡಿದು ಕೆಳಗಿಳಿಸಿದರು. ನಾನು ಅವಮಾನದಿಂದ ಗುಡಿಯ ಹಿಂದೆ ಹೋಗಿ ಕುಳಿತೆನು. ರಾತ್ರಿ ಊಟಕ್ಕೆ ಕುಳಿತಾಗ ನನ್ನ ತಂದೆಯವರು, "ನಿನ್ನ ಗಾಡಿಯೇನು, ಮಾಲಕರದಲ್ಲವೆ?" ಎಂದು ಕೇಳಿದರು. ಮಾವ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಮಾಲಕರು ಗಾಡಿಯೊಳಗ ಕೂಡತಾರ. ನಾ ಗಾಡಿ ಸಂಗಾಟ ಇರತೀನಿ." ಮರುದಿನ ಕೋಳಿ ಕೂಗುವ ಮೊದಲೇ ಅವರು ಹೊರಟುಹೋಗಿದ್ದರು.

ನಮ್ಮ ಊರಿಗೆ ಸಮೀಪದಲ್ಲಿರುವ ಕಲ್ಯಾಣವು ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿಯಾಗಿದ್ದಿತು. ಅಲ್ಲಿಂದ ಆಳಿದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳುಳ್ಳ ಆ ಗ್ರಂಥದಲ್ಲಿ ಒಂದು ಭಾಗವೆಲ್ಲ ಉಪಭೋಗಗಳಿಗೇ ಮೀಸಲು. ಮನೆ, ಸ್ನಾನ, ತಾಂಬೂಲ, ವಸ್ತ್ರ, ಶಯ್ಯೆ, ಇವುಗಳ ಸಾಲಿನಲ್ಲಿಯೇ ಯಾನವೂ ಒಂದು ಉಪಭೋಗವೆಂದು ಅರಸನು ಎಣಿಸಿರುವನು. ಚೆಲುವಾದ ವಾಹನದಲ್ಲಿ ಕುಳಿತು ಹೋಗುವ ಸುಖವು ಇಂಗ್ಲೆಂಡಿನವರು ಕಂಡುಹಿಡಿದುದಲ್ಲ. ಅದು ಈ ಮಣ್ಣಿಗೂ ಹಳೆಯದೇ. ಆದರೆ ಉಪಭೋಗವು ಎಷ್ಟು ದಿನದ್ದು?

ನಿಜಾಮರ ಒಂದು ಗಾಡಿಯ ಕಥೆಯನ್ನು ಕೇಳಿರಿ. ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರು ಸಿಂಹಾಸನದಂತಹ ಆಸನವುಳ್ಳ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಗಾಡಿಯೊಂದನ್ನು ಇಂಗ್ಲೆಂಡಿನಿಂದ ತರಿಸಲು ಅಪ್ಪಣೆಮಾಡಿದರು. ಅದು ಬಂದು ಮುಟ್ಟುವುದಕ್ಕೆ ಮೊದಲೇ, 1911ರಲ್ಲಿ, ಅವರು ತೀರಿಕೊಂಡರು. ಬಯಸಿದವರು ಅದರಲ್ಲಿ ಒಂದು ದಿನವೂ ಕುಳಿತುಕೊಳ್ಳಲಿಲ್ಲ. ಇಂದು ಆ ಹಳದಿ ಗಾಡಿಯು ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ನೋಡುವವರಿಗಾಗಿ ನಿಂತಿರುವುದು. ಮೈಸೂರಿನ ಅರಮನೆಯಲ್ಲಿಯೂ ರೋಲ್ಸ್ ರಾಯ್ಸ್, ಬೆಂಟ್ಲೆ ಗಾಡಿಗಳಿಗೆ ಕೊರತೆಯಿರಲಿಲ್ಲ. 1971ರಲ್ಲಿ ರಾಜಧನವು ರದ್ದಾಯಿತು. 1973ರಲ್ಲಿ ಅರಬ್ ದೇಶಗಳ ತೈಲನಿರ್ಬಂಧದಿಂದ ಪೆಟ್ರೋಲಿನ ಬೆಲೆಯು ಲೋಕದಲ್ಲೆಲ್ಲ ಏರಿತು. ಲೀಟರಿಗೆ ಐದಾರು ಕಿಲೋಮೀಟರು ಮಾತ್ರ ಓಡುವ ಗಾಡಿಯನ್ನು ಸಾಕುವುದು ಸಿರಿವಂತರಿಗೂ ಹೊರೆಯಾಯಿತು. ಮಾವನ ಮಾಲಕರು 1978ರಲ್ಲಿ ಬೆಂಟ್ಲೆಯನ್ನು ಪರಸ್ಥಳದವರಿಗೆ ಮಾರಿದರು. ಹೊಸ ಮಾಲಕರು ಗಾಡಿಯನ್ನು ಕೊಂಡೊಯ್ದರು. ಸಾರಥಿಯು ಅವರಿಗೆ ಬೇಕಾಗಿರಲಿಲ್ಲ.

ಮಾವ ಊರಿಗೆ ಹಿಂದಿರುಗಿ ಬೇಸಾಯಕ್ಕೆ ನಿಂತರು. ಬರುವಾಗ ತಂದುದು ಒಂದು ಟ್ರಂಕು. ಅದರಲ್ಲಿ ಗಟ್ಟಿರಟ್ಟಿನ ಒಂದು ನೋಟುಪುಸ್ತಕ. ತೀರಿಕೊಳ್ಳುವ ಮೊದಲು ಅದನ್ನು ನನ್ನ ಕೈಯಲ್ಲಿ ಕೊಟ್ಟು, "ಗಾಡಿ ಯಾರ ಹತ್ತಿರ ಇದ್ದರೂ ಅವರಿಗೆ ಮುಟ್ಟಿಸು" ಎಂದರು. ಆಗಲೆಂದು ನಾನು ಮಾತು ಕೊಟ್ಟೆನು. ತೆರೆದು ನೋಡಿದರೆ ಮುಕ್ಕಾಲು ಪಾಲು ಉರ್ದುವಿನಲ್ಲಿದ್ದಿತು. ನನಗೆ ಓದಲು ಬಾರದು. ಮುಂದೆ ನೋಡೋಣವೆಂದು ಟ್ರಂಕಿನಲ್ಲಿಟ್ಟು ಮರೆತೆನು. ನಿವೃತ್ತನಾದ ಮೇಲೆ, ಇಪ್ಪತ್ತು ವರುಷಗಳಿಗೂ ಮಿಕ್ಕಿದ ಆ ಮರವೆಯನ್ನು ಹೋದ ವರುಷ ತೆರೆದು ನೋಡಿದಾಗ, ಪುಸ್ತಕದ ಅರ್ಧಭಾಗವನ್ನು ಗೆದ್ದಲು ತಿಂದಿದ್ದಿತು.

ವಾಚಕರೇ, ಯೋಗಕ್ಷೇಮವೆಂಬ ಶಬ್ದವನ್ನು ನಾವು ಕಾಗದ ಬರೆಯುವಾಗಲೆಲ್ಲ ಬಳಸುತ್ತೇವೆ. ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡುವುದು ಕ್ಷೇಮ ಎಂದು ಭಾಷ್ಯಕಾರರು ಅದನ್ನು ಬಿಡಿಸಿರುವರು. ತರಗತಿಯಲ್ಲಿ ನೂರಾರು ಸಲ ಈ ಅರ್ಥವನ್ನು ನಾನೇ ಹೇಳಿಕೊಟ್ಟಿದ್ದೇನೆ. ಕೈಗೆ ಬಂದ ಒಂದು ನೋಟುಪುಸ್ತಕದ ಕ್ಷೇಮವನ್ನು ನೋಡಿಕೊಳ್ಳಲು ಮಾತ್ರ ನನ್ನಿಂದಾಗಲಿಲ್ಲ.

ಉಳಿದ ಪುಟಗಳನ್ನು ಹಿಡಿದುಕೊಂಡು, ಬಸವಕಲ್ಯಾಣದಲ್ಲಿರುವ ವೃದ್ಧರಾದ ಉರ್ದು ಉಪಾಧ್ಯಾಯರೊಬ್ಬರ ಬಳಿಗೆ ಹೋದೆನು. ಅವರು ಕನ್ನಡಕವನ್ನು ಒರೆಸಿಕೊಳ್ಳುತ್ತ ಓದಿದರು. ನಾನು ಕನ್ನಡದಲ್ಲಿ ಬರೆದುಕೊಂಡೆನು. ಅಲ್ಲಿದ್ದುದು ಗಾಡಿಯ ವೈಭವದ ವರ್ಣನೆಯಲ್ಲ, ಅದರ ಆರೈಕೆಯ ಲೆಕ್ಕ. ಸಾರಥಿಯ ಕಾಲಬಳಿ ಒಂದು ಸಣ್ಣ ಪೆಡಲು ಇದೆ. ಅದನ್ನು ಒತ್ತಿದರೆ ಅಡಿಗಟ್ಟಿನ ಕೀಲುಗಳಿಗೆಲ್ಲ ಸಣ್ಣ ನಾಳಗಳ ಮೂಲಕ ಎಣ್ಣೆ ಹರಿಯುವುದು. ನಮ್ಮ ಧೂಳಿಗೆ ನಾಳಗಳು ಕಟ್ಟಿಕೊಳ್ಳುವುವು, ಆದುದರಿಂದ ಒತ್ತಿದರೆ ಸಾಲದು, ಕೆಳಗೆ ಮಲಗಿ ನೋಡಬೇಕು. ಬ್ರೇಕಿಗೆ ಬಲ ಕೊಡುವ ಯಂತ್ರವು ಗೇರುಪೆಟ್ಟಿಗೆಯಿಂದ ತಿರುಗುವುದರಿಂದ, ಗಾಡಿ ತೀರ ನಿಧಾನವಾಗಿರುವಾಗ ಆ ಬಲವಿಲ್ಲ. ಇಳಿಜಾರಿನಲ್ಲಿ ಕಾಲು ಗಟ್ಟಿಯಾಗಿರಲಿ. ತಗಡಿನ ಒಳಗಿರುವ ಮರವು ತೇವದಿಂದ ಕೊಳೆಯುತ್ತಿದ್ದರೂ ಹೊರಗೆ ಬಣ್ಣ ಹೊಳೆಯುತ್ತಲೇ ಇರುವುದು. ಬಾಗಿಲು ಹಾಕುವಾಗ ಸದ್ದು ಬದಲಾದರೆ ಅದೇ ಗುರುತು. ಎರಡು ಬಾಗಿಲಿನ ಗಾಡಿಯಲ್ಲಿ ಬಾಗಿಲು ಉದ್ದ, ಭಾರವೂ ಹೆಚ್ಚು. ತಿರುಗಣಿಗಳ ಮೇಲೆಯೂ ಮರದ ಕಂಬದ ಮೇಲೆಯೂ ಜೋಲು ಬೀಳುವುದು. ಯಾರೂ ಜೋತುಬೀಳದಂತೆ ನೋಡಿಕೊಳ್ಳಬೇಕು.

ಇದನ್ನು ಕೇಳಿ ನನ್ನ ಲೇಖನಿ ನಿಂತಿತು. ನಾನು ಐವತ್ತು ವರುಷ ಮನಸ್ಸಿನಲ್ಲಿಟ್ಟುಕೊಂಡಿದ್ದ ಗದರಿಕೆಯ ಕಾರಣವು ತಿರುಗಣಿಯಲ್ಲಿದ್ದಿತು. ಮುಂದಿನ ಪುಟದ ಅರ್ಧವನ್ನು ಹುಳು ತಿಂದಿತ್ತು. ಉಳಿದರ್ಧದಲ್ಲಿ ಕನ್ನಡದಲ್ಲಿಯೇ ಎರಡು ಸಾಲುಗಳಿದ್ದುವು: "ನಾರಾಯಣಪುರ. ಬಾಗಿಲು ನೋಡಿದೆ, ಸರಿ ಇದೆ. ಹುಡುಗನಿಗೆ ಬಯ್ಯಬಾರದಿತ್ತು." ಉಪಾಧ್ಯಾಯರು ಏನೊಂದೂ ಕೇಳದೆ ಚಹಾ ತರಿಸಿದರು.

ಆ ಗಾಡಿ ಈಗ ಎಲ್ಲಿರುವುದೋ ನಾನರಿಯೆನು. ಬರೆದುಕೊಂಡ ಪುಟಗಳ ಎರಡು ಪ್ರತಿಗಳನ್ನು ಮಾಡಿ, ಹಳೆಯ ಗಾಡಿಗಳನ್ನು ಬಲ್ಲವರಿಗೆ ಕಳುಹಿಸಿದ್ದೇನೆ. ಕೂಪೆಯ ಮಾಲಕರು ಸಿಕ್ಕಿದರೆ ಮೂಲಪುಸ್ತಕವು ಅವರದು. ಸಿಕ್ಕದಿದ್ದರೂ, ಅದೇ ಬಗೆಯ ಇನ್ನೊಂದು ಗಾಡಿಯ ಆರೈಕೆಗೆ ಆ ಮಾತುಗಳು ಬಂದಾವು.

ಇನ್ನು ಆ ತಾಯಿಯ ಪ್ರಶ್ನೆ. ಅಮ್ಮಾ, ನಿಮ್ಮ ಅಂಬಾಸಡರ್ ಗಾಡಿಯೂ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮಗುವೇ; ನಮ್ಮ ದೇಶದಲ್ಲಿ 2014ರವರೆಗೆ ಅದು ತಯಾರಾಗುತ್ತಿದ್ದಿತು. ಬೆಂಟ್ಲೆಯ ಗರ್ವ ಅದಕ್ಕಿಲ್ಲ. ಇಬ್ಬರ ಎಡೆಯಲ್ಲಿ ಎಂಟು ಮಂದಿಯನ್ನು ಕೂಡಿಸಿಕೊಂಡು ಮದುವೆಗೆ ಒಯ್ದ ಗಾಡಿ ಅದು. ಐವತ್ತು ವರುಷ ದಾಟಿ, ಮೂಲರೂಪವನ್ನು ಕೆಡಿಸಿಕೊಳ್ಳದೆ ಉಳಿದ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರಕಾರವು ಪ್ರತ್ಯೇಕ ನೋಂದಣಿಯನ್ನು ಏರ್ಪಡಿಸಿತು. ಅವುಗಳ ಸಂಖ್ಯಾಫಲಕದ ಮೇಲೆ ವಿ.ಎ. ಎಂಬ ಅಕ್ಷರಗಳಿರುತ್ತವೆ, ಹೊಸದಾಗಿ ನೋಂದಾಯಿಸಲು 20,000 ರೂಪಾಯಿಗಳ ಶುಲ್ಕವನ್ನೂ ಹತ್ತು ವರುಷಗಳ ಅವಧಿಯನ್ನೂ ಗೊತ್ತುಮಾಡಿದರು. ಅಂತಹ ಗಾಡಿಯನ್ನು ಪ್ರದರ್ಶನ, ಮೆರವಣಿಗೆ, ದುರಸ್ತಿ ಮುಂತಾದುವುಗಳಿಗೆ ಓಡಿಸಬಹುದೇ ಹೊರತು ದಿನನಿತ್ಯದ ತಿರುಗಾಟಕ್ಕಲ್ಲ. ನಿಮ್ಮದು ಅಷ್ಟು ಹಳೆಯದಲ್ಲವಾದರೆ, ಹದಿನೈದು ವರುಷದ ಮೇಲಿನ ಗಾಡಿಗಳ ಸಾಮಾನ್ಯ ನವೀಕರಣದ ನಿಯಮವೇ ಅದಕ್ಕೂ ಸಲ್ಲುವುದು.

ಆದರೆ ನಿಯಮಕ್ಕಿಂತ ಮೊದಲು ಮನೆಯವರೆಲ್ಲ ಕುಳಿತು ಒಂದು ಮಾತನ್ನು ಕೇಳಿಕೊಳ್ಳಿರಿ: ವಾರಕ್ಕೊಮ್ಮೆ ಅದರ ಕೆಳಗೆ ಬಗ್ಗಿ ನೋಡುವವರು ನಮ್ಮಲ್ಲಿ ಯಾರಾದರೂ ಇರುವರೋ? ಇದ್ದರೆ ಗಾಡಿಯು ಅವರದಾಗಲಿ, ಕಾಗದ ಯಾರ ಹೆಸರಿನಲ್ಲಿಯೇ ಇರಲಿ. ಇಲ್ಲದಿದ್ದರೆ ನೋಡಿಕೊಳ್ಳುವವರನ್ನು ಹುಡುಕಿ ಕೊಡಿರಿ; ಅದು ಅಗೌರವವಲ್ಲ. ಬೇವಿನ ಮರದ ಕೆಳಗೆ ಸುಮ್ಮನೆ ನಿಲ್ಲಿಸಿ ತುಕ್ಕು ಹಿಡಿಸುವುದೇ ಮೋಹ. ಯಾರಿಗೆ ಕೊಟ್ಟರೂ, ಕೊಡುವ ಮುನ್ನ ನಿಮ್ಮ ಮಾವನವರು ಆ ಗಾಡಿಯ ವಿಷಯವಾಗಿ ಆಡಿದ ಮಾತುಗಳನ್ನು, ಯಾವ ಸದ್ದಿಗೆ ಯಾವ ಉಪಾಯವೆಂಬುದನ್ನು, ನೆನಪಿರುವವರಿಂದ ಕೇಳಿ ಬರೆದಿಡಿರಿ. ಬರೆದುದನ್ನು ಟ್ರಂಕಿನಲ್ಲಿಡಬೇಡಿರಿ.

ಹಾಗೆಯೇ, ನಾಯಿಮರಿಗಳು ಕಣ್ಣು ಬಿಡುವವರೆಗೆ ಗುಜರಿಯವನನ್ನು ತಡೆಯಿರಿ.